ಒಂದು ಮೂಲೆ ಉಳಿದ ಕೌದಿ

ಏಳು ಲೋಕ ಅಲೆದು, ಎಂಟನೆಯದಕ್ಕೂ ಇಣುಕಿ ಬಂದರೂ ಟಿಕೋಟಾದ ನಮ್ಮ ಓಣಿಯಂಥ ಓಣಿ ಸಿಗಲಿಕ್ಕಿಲ್ಲ. ಇಲ್ಲಿ ಯಾರೂ ಒಂಟಿಯಾಗಿ ಜಡ್ಡು ಬಿದ್ದದ್ದೇ ಇಲ್ಲ. ಈ ತುದಿಯ ಮನೆಯಲ್ಲಿ ಒಬ್ಬ ಸೀನಿದರೆ ಆ ತುದಿಯ ಮನೆಯಲ್ಲಿ ಶುಂಠಿ ಜಜ್ಜುವ ಸಪ್ಪಳ ಕೇಳುತ್ತದೆ. ಜ್ವರ ಬಂದವನ ಹಾಸಿಗೆಯ ಸುತ್ತ ಎಷ್ಟು ಜನ ಕೂಡುತ್ತಾರೆಂದರೆ, ಜ್ವರಕ್ಕೇ ಉಸಿರುಗಟ್ಟಿ ಅದು ಕಿಟಕಿಯಿಂದ ಹಾರಿ ಓಡಿಹೋಗುತ್ತದೆ. ಇದಕ್ಕೆ ನಾವು ‘ಮಾತಾಡಿಸಿ ಬರುವುದು’ ಎನ್ನುತ್ತೇವೆ. ಮದುವೆಗೆ ಹೋಗದಿದ್ದರೆ ಕ್ಷಮೆ ಉಂಟು. ಜಡ್ಡು ಬಿದ್ದವರನ್ನು ಮಾತಾಡಿಸಲು ಹೋಗದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಆಡಿಕೊಳ್ಳುತ್ತಾರೆ. ಹೋದ ವರ್ಷ ಒಬ್ಬ ಮುದುಕ ತೀರಿಕೊಂಡ ಮೇಲೆ ತಡವಾಗಿ ಬಂದ ಬೀಗರು ಅವನ ಪಕ್ಕದಲ್ಲೇ ಕೂತು, “ಈಗ ಹೆಂಗ ಅನಸತೈತ್ರಿ?” ಎಂದು ಕೇಳಿ, ಉತ್ತರಕ್ಕೆ ಸ್ವಲ್ಪ ಕಾದು, ಚಹಾ ಕುಡಿದು ಎದ್ದುಹೋದರು. ಅಂಥ ಪ್ರೀತಿ ನಮ್ಮದು.

ಈ ಪ್ರೀತಿ ಶಂಕ್ರೆವ್ವನ ಮನೆಗೆ ಬಂದದ್ದು ಹೇಗೆ ಎಂಬುದೇ ಇಲ್ಲಿಯ ಕಥೆ.

ಶಂಕ್ರೆವ್ವ ಬಬಲೇಶ್ವರದ ಮಗಳು, ಟಿಕೋಟಾದ ಸೊಸೆ. ವಯಸ್ಸು ಅರವತ್ತರ ಆಚೀಚೆ. ಗಂಡ ತೀರಿ ಬಹಳ ವರ್ಷವಾಗಿತ್ತು. ಕೌದಿ ಹೊಲಿಯುವುದು ಆಕೆಯ ಕಸುಬು. ಮನೆಮನೆಯ ಹಳೆ ಸೀರೆ, ಧೋತರ, ಹರಿದ ಅಂಗಿಗಳನ್ನು ಒಂದರ ಮೇಲೊಂದು ಹಾಸಿ, ಒತ್ತೊತ್ತಾಗಿ ಸಾಲುಹೊಲಿಗೆ ಹಾಕಿ ಹೊದಿಕೆ ಮಾಡಿಕೊಡುತ್ತಿದ್ದಳು. ಆಕೆಯ ಹೊಲಿಗೆಯ ಸಾಲಿನ ಮೇಲೆ ಒಂದು ಇರುವೆಯನ್ನು ಬಿಟ್ಟರೆ ಅದು ಎಲ್ಲೂ ಅತ್ತಿತ್ತ ಹೊರಳದೆ ನೇರ ಸೊಲ್ಲಾಪುರ ಮುಟ್ಟುತ್ತಿತ್ತು. ಆಕೆಯ ಕೌದಿ ಹೊದ್ದು ಮಲಗಿದ ನಮ್ಮೂರಿನವನೊಬ್ಬ ಯುಗಾದಿಯ ದಿನ ಎದ್ದು ಕೂತು ಸಂಕ್ರಾಂತಿಯ ಎಳ್ಳುಬೆಲ್ಲ ಕೇಳಿದ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು ಹೊಲಿಯುವುದು ಆಕೆ ತವರಿನಿಂದ ತಂದ ಪದ್ಧತಿ. ಕೌದಿಯ ಹೊಟ್ಟೆ ತುಂಬಿರಬೇಕು, ಇಲ್ಲದಿದ್ದರೆ ಅದು ಹೊದ್ದವರ ನಿದ್ದೆ ತಿನ್ನುತ್ತದೆ ಎನ್ನುತ್ತಿದ್ದಳು. ಆ ಮೂಲೆಯನ್ನು ಆಕೆ ಎಂದೂ ಇನ್ನೊಬ್ಬರ ಕೈಗೆ ಬಿಟ್ಟವಳಲ್ಲ.

ಕೈಯಷ್ಟೇ ನಾಲಿಗೆಯೂ ಓಡುತ್ತಿತ್ತು. ಅಗಲ ಮಾಡಿ ಹೊಲಿ ಎಂದು ಚೌಕಾಸಿ ಮಾಡಲು ಬಂದವರಿಗೆ, “ಇನ್ನ ಅಗಲ ಬೇಕಂದ್ರ ಮ್ಯಾಲ ನೋಡ್ರಿ, ಆಕಾಶ ಐತಿ, ಹೊಲಿಗಿನೂ ಇಲ್ಲ” ಎನ್ನುವವಳು.

ಮನೆಯಲ್ಲಿ ಇನ್ನಿಬ್ಬರು. ಮಗ ಸಂಗು ವಿಜಯಪುರದ ಸೊಲ್ಲಾಪುರ ರಸ್ತೆಯ ವರ್ಕ್‌ಶಾಪಿನಲ್ಲಿ ಟ್ರೈಲರಿಗೆ ವೆಲ್ಡಿಂಗ್ ಮಾಡುತ್ತಾನೆ. ದಿನಾ ಬೈಕಿನ ಮೇಲೆ ಹೋಗಿ ಬರುತ್ತಾನೆ. ಸೊಸೆ ವಿದ್ಯಾವತಿ ಮನೂಕಿ ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಒಣದ್ರಾಕ್ಷಿಗೆ ನಮ್ಮ ಕಡೆ ಮನೂಕಿ ಎನ್ನುತ್ತಾರೆ. ಟಿಕೋಟಾದ ಬಿಸಿಲಿನಲ್ಲಿ ಬಳ್ಳಿಯಿಂದ ಬಾಯಿಗೆ ಒಯ್ಯುವಷ್ಟರಲ್ಲಿ ದ್ರಾಕ್ಷಿ ಮನೂಕಿಯಾಗಿರುತ್ತದೆ. ಶೆಡ್ಡು ಕಟ್ಟಿ ಒಣಗಿಸುವುದೆಲ್ಲ ಸುಮ್ಮನೆ ತೋರಿಕೆಗೆ.

ಕೆಲವು ವರ್ಷಗಳ ಹಿಂದೆ ಶಂಕ್ರೆವ್ವನ ಬೆರಳು ಹಿಡಿದುಕೊಳ್ಳತೊಡಗಿದವು. ಮುಂಜಾನೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಗೆಣ್ಣುಗಳು ಬಾತು ಸೂಜಿ ಜಾರಿ ಬೀಳುತ್ತಿತ್ತು. ಓಣಿ ಬಿಟ್ಟೀತೆ? ಒಬ್ಬರು ಎಕ್ಕೆಯ ಎಲೆ ಕಟ್ಟಿದರು, ಒಬ್ಬರು ಬೆಳ್ಳುಳ್ಳಿ ಎಣ್ಣೆ ತಿಕ್ಕಿದರು, ಇನ್ನೊಬ್ಬರು ಬಿಸಿ ಉಸುಕಿನಲ್ಲಿ ಕೈ ಹುಗಿಸಿದರು. ಇಷ್ಟೂ ಉಪಚಾರ ಮುಗಿಯುವ ಹೊತ್ತಿಗೆ ಕೈಗೆ ಹಂಚಿನ ಮೇಲಿಂದ ಇಳಿಸಿದ ರೊಟ್ಟಿಯ ಬಣ್ಣ ಬಂದಿತ್ತು. ಆಮೇಲೆ ಒಬ್ಬ ಡಾಕ್ಟರು ವಾರಕ್ಕೊಮ್ಮೆ ನುಂಗುವ ಗುಳಿಗೆ ಶುರುಮಾಡಿದರು. ಬೆರಳು ಸಡಿಲಾದವು. ಮುಂದೆ ಬಾವು ಮತ್ತೆ ಏರಿದಾಗ ವಿದ್ಯಾವತಿ ಅತ್ತೆಯನ್ನು ವಿಜಯಪುರದ ಜಲನಗರದ ಡಾಕ್ಟರ್ ಆಮ್ರಪಾಲಿಯವರ ಹತ್ತಿರ ಕರೆದೊಯ್ದಳು. ಅವರು ಇನ್ನೊಂದು ಜೋರಾದ ಗುಳಿಗೆ ಸೇರಿಸಿದರು. ಶಂಕ್ರೆವ್ವ ಮತ್ತೆ ಸೂಜಿ ಹಿಡಿದಳು. ಇರುವೆಗಳು ಮತ್ತೆ ಸೊಲ್ಲಾಪುರಕ್ಕೆ ಹೊರಟವು.

ಒಂದು ಚಳಿಗಾಲದ ಕೊನೆಗೆ ಆ ಡಾಕ್ಟರು ಕೂಡಿಸಿಕೊಂಡು ಹೇಳಿದರು:

“ಶಂಕ್ರೆವ್ವಾರ, ನಿಮ್ಮ ಮೈಯಾಗ ರೋಗ ತಡ್ಯಾಕ ಒಂದು ಕಾವಲ ಐತಿ. ಅದು ದಾರಿ ತಪ್ಪಿ ನಿಮ್ಮ ಕೀಲಿಗೇ ಬಾಯಿ ಹಾಕೈತಿ. ಅದಕ್ಕ ಈ ಕೈ ಬ್ಯಾನಿ.”

“ಅಂದ್ರ ಮನಿ ಕಾಯೂ ನಾಯಿ ಮನಿಯವರನ್ನ ಕಡದಂಗ ಆತ್ರಿ.”

“ಹಂಗ ಅಂತ ತಿಳ್ಕೊಳ್ರಿ. ಈ ಗುಳಿಗಿ ಆ ನಾಯಿಗಿ ಮಂಪರ ಬರಸ್ತಾವ.”

“ನಾಯಿ ಮಲಗಿದ ಮ್ಯಾಲ ಕಳ್ಳ ಬಂದ್ರ?”

ಡಾಕ್ಟರು ನಕ್ಕರು. “ಅದನ್ನ ಹೇಳಾಕ ಹೊಂಟಿದ್ದೆ. ಅದಕ್ಕ ನಿಮಗ ಎರಡು ಲಸಿಕಿ. ಒಂದು ಫ್ಲೂ ಜ್ವರದ್ದು, ಒಂದು ನ್ಯುಮೋನಿಯಾದ್ದು. ಇವು ಸತ್ತ ಕಳ್ಳರು, ಏನೂ ಮಾಡಂಗಿಲ್ಲ. ಬರೇ ವಾಸನಿ ತೋರಿಸಿ ನಾಯಿಗಿ ಗುರ್ತ ಹಿಡಸೂದು. ಎಚ್ಚರಿದ್ದ ನಾಯಿಯಷ್ಟು ಅದು ಕಲಿಯಂಗಿಲ್ಲ ಖರೆ, ಆದ್ರೂ ಏನೂ ಕಲಿಯದಕ್ಕಿಂತ ಚಲೋ. ಫ್ಲೂದ್ದು ಆದ ಮ್ಯಾಲ ಎರಡು ವಾರ ಆ ವಾರದ ಗುಳಿಗಿ ಬಿಡ್ರಿ, ನಾಯಿ ಒಂದೀಟ ಕಣ್ಣ ತಗೀಲಿ. ಆಮ್ಯಾಲ ಮತ್ತ ತಗೋರಿ. ನನ್ನ ಕೇಳದ ನೀವಷ್ಟಕ್ಕ ನೀವ ಯಾವ್ದೂ ಬಿಡಬ್ಯಾಡ್ರಿ.” ಆಮೇಲೆ ಕೇಳಿದರು: “ಸಣ್ಣವರಿದ್ದಾಗ ಮೈತುಂಬ ನೀರ ಗುಳ್ಳಿ ಎದ್ದು ಅಮ್ಮ ಬಂದಿದ್ಲೇನ್ರಿ? ಚಿಕನ್‌ಪಾಕ್ಸ್?”

ಶಂಕ್ರೆವ್ವನಿಗೆ ಇದು ಬಹಳ ದಿನದಿಂದ ಯಾರೂ ಕೇಳದೆ ಉಳಿದಿದ್ದ ಪ್ರಶ್ನೆ. ಎದೆ ಸೆಟೆಸಿ ಕೂತಳು.

“ಬಬಲೇಶ್ವರದಾಗ ನಮ್ಮ ಓಣಿಯ ಎಲ್ಲಾ ಹುಡುಗ್ರಿಗೂ ಬಂದ್ಳ್ರಿ. ನನಗ ಬರಲಿಲ್ಲ. ತಾಯಿ ಈ ಹುಡುಗೀನ ಮರತಾಳ ಅಂತ ನಮ್ಮವ್ವ ಅತ್ತು, ಗುಳ್ಳಿ ಎದ್ದ ಹುಡುಗ್ರ ನಡುವ ನನ್ನ ಮಲಗಿಸಿದ್ಳು. ಆದ್ರೂ ಬರಲಿಲ್ಲ. ತಾಯಿ ಸೈತ ನನ್ನ ನಾಲಿಗಿಗೆ ಅಂಜಿ ಮನಿ ದಾಟಿ ಹೋದ್ಳು ನೋಡ್ರಿ.”

ಡಾಕ್ಟರು ನಗಲಿಲ್ಲ. ರಕ್ತ ತಪಾಸಣೆ ಮಾಡಿಸಿದರು. ಆ ರೋಗ ತಡೆಯುವ ಗುರುತು ಮೈಯಲ್ಲಿ ಇಲ್ಲವೆಂದು ಬಂತು.

“ಹಂಗಾದ್ರ ಅದರದೂ ಒಂದು ಚುಚ್ಚಿಬಿಡ್ರಿ. ನಾ ಸೂಜಿಗಿ ಅಂಜಾಕಿ ಅಲ್ಲ, ಸೂಜಿ ಹಿಡದ ಬಾಳೇ ಮಾಡೀನಿ.”

“ಅದು ಈಗ ಬರಂಗಿಲ್ರಿ. ಆ ಲಸಿಕ್ಯಾಗ ಇರೂದು ಜೀವಂತ ಕಳ್ಳ. ಕೈಕಾಲ ಕಟ್ಟಿರತಾರ, ಎಚ್ಚರಿದ್ದ ನಾಯಿಗಿ ಅವ ಒಂದು ಆಟ. ನಿಮ್ಮ ನಾಯಿ ಮಲಗೈತಿ. ಅದರ ಮುಂದ ಬಿಟ್ರ ಹಗ್ಗಾ ಬಿಚ್ಕೊಂಡು ಮನೀನ ದೋಚತಾನ. ಗುಳಿಗಿ ಶುರು ಮಾಡೂಕ್ಕಿಂತ ಮೊದಲ ಹಾಕಬೇಕಿತ್ತು.”

ಗುಳಿಗೆ ಮೊದಲು ಶುರುಮಾಡಿದ ಡಾಕ್ಟರು ಕೇಳಿರಲಿಲ್ಲ, ಈಕೆ ಹೇಳಿರಲಿಲ್ಲ.

“ನಿಮಗ ಹಾಕಾಕ ಬರದ ಸೂಜೀನ ನಿಮ್ಮ ಸುತ್ತ ಇದ್ದವ್ರು ಹಾಕ್ಕೋಬೇಕ್ರಿ” ಎಂದರು ಆಮ್ರಪಾಲಿ. “ಮನಿಗಿ ಬರೂ ಸಣ್ಣ ಹುಡುಗ್ರಿಗೆ ಹಾಕಸ್ರಿ. ಯಾರಿಗೆರ ಅಮ್ಮ ಬಂದ್ಳಂದ್ರ ಆ ಮನಿ ಕಡೆ ಹಾಯಬ್ಯಾಡ್ರಿ. ತಪ್ಪಿ ತಾಗಿತಂದ್ರ ಅವತ್ತ ನನ್ನ ಕಡೆ ಬರ್ರಿ, ಗುಳ್ಳಿ ಏಳೂತನಾ ಕಾಯಬ್ಯಾಡ್ರಿ. ಅದು ನಿಮಗ ಬಂದ್ರ ಜೀವಕ್ಕ ಅಪಾಯ. ಜೀವ ಉಳದ್ರೂ ಗುಳಿಗಿ ನಿಲ್ಲಸಬೇಕಾಗತೈತಿ. ಗುಳಿಗಿ ನಿಂತ್ರ ಈ ಕೈ ಮತ್ತ ಹಿಡಕೋತಾವ. ಹಿಂದಕ ಬರತಾವ ಅಂತ ನಾ ಮಾತ ಕೊಡಾಕ ಆಗಂಗಿಲ್ಲ.”

ಶಂಕ್ರೆವ್ವ ತನ್ನ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಯಾರೋ ಕೇಳಲು ಬಂದಿದ್ದಾರೆಂಬಂತೆ.

ತೋಳಿಗೆ ಎರಡು ಸೂಜಿ ಹಾಕಿಸಿಕೊಂಡು ಅತ್ತೆಸೊಸೆ ಇಸಾಕನ ಟಂಟಂ ಹತ್ತಿದರು. ಇಸಾಕನ ಟಂಟಂ ಎಂದರೆ ಹೊರಗಿನಿಂದ ಮೂರುಗಾಲಿಯ ಆಟೋ, ಒಳಗೆ ಅರ್ಧ ತಾಲೂಕು. ಅದರಲ್ಲಿ ಆಡಿದ ಮಾತು ಗಾಡಿಗಿಂತ ಮುಂಚೆ ಟಿಕೋಟಾ ಮುಟ್ಟುತ್ತದೆ. ಇವರು ಇಳಿಯುವ ಹೊತ್ತಿಗೆ ಶಂಕ್ರೆವ್ವನಿಗೆ ಒಂದು ಮೊಳದ ಎರಡು ಸೂಜಿ ಚುಚ್ಚಿದ್ದಾರೆ, ಒಂದು ಒಳಗೇ ಉಳಿದಿದೆ ಎಂಬ ಸುದ್ದಿ ಹಬ್ಬಿತ್ತು. ಓಣಿ ಓಣಿಯೇ ಮಾತಾಡಿಸಲು ಬಂದು ನಿಂತಿತ್ತು.

ಅಂದು ಮೊದಲ ಬಾರಿಗೆ ಆಕೆ ಬಾಗಿಲಲ್ಲಿ ಅಡ್ಡ ನಿಂತಳು. “ಕೆಮ್ಮೂ ಮಂದಿ ಎದುರಮನಿ ಕಟ್ಟಿಮ್ಯಾಲ ಕುಂದರ್ರಿ. ಕೆಮ್ಮದವ್ರು ನನ್ನ ಕಟ್ಟಿಮ್ಯಾಲ. ಒಳಗ ಯಾರೂ ಬರೂದು ಬ್ಯಾಡ್ರಿ, ಡಾಕ್ಟರ್ ಹೇಳ್ಯಾರ.”

ಓಣಿಗೆ ಕಪಾಳಕ್ಕೆ ಹೊಡೆದಂತಾಯಿತು. ಮಾತಾಡಿಸಲು ಬಂದವರನ್ನು ಅಂಗಳದಲ್ಲಿ ಕೂಡಿಸುವುದೆ? ಸುತ್ತಲಿನವರೂ ಫ್ಲೂ ಸೂಜಿ ಹಾಕಿಸಿಕೊಂಡರೆ ಅತ್ತೆಗೆ ಒಳ್ಳೆಯದು ಎಂದು ವಿದ್ಯಾವತಿ ಮೆಲ್ಲಗೆ ಹೇಳಿ ನೋಡಿದಳು. ತಾನು ಹಾಕಿಸಿಕೊಂಡಿದ್ದಳು. ಸಂಗು ಮಾತ್ರ ದಿನವಿಡೀ ಬೆಂಕಿಯ ಕಿಡಿಯಲ್ಲಿ ನಿಲ್ಲುವ ಗಂಡಸು, ಸೂಜಿ ಕಂಡು ಜಲನಗರದಿಂದ ಸಿದ್ಧೇಶ್ವರ ಗುಡಿಯವರೆಗೆ ಬೈಕು ನಿಲ್ಲಿಸದೆ ಓಡಿಸಿದ್ದ.

ಆ ಗುಂಪಿನ ಮುಂದೆ ನಿಂತವರು ಶಿವಯೋಗೆಪ್ಪ. ಮನೂಕಿ ವ್ಯಾಪಾರಿ, ಓಣಿಯ ಹಿರಿಯರು. ಅವರು ಹೂಂ ಎನ್ನದೆ ನಮ್ಮ ಓಣಿಯಲ್ಲಿ ಕೋಳಿಯೂ ಕೂಗುವುದಿಲ್ಲ. ಅವರು ತಡವಾಗಿ ಎದ್ದ ದಿನ ಸೂರ್ಯ ಗುಡ್ಡದ ಹಿಂದೆ ನಿಂತು ಕಾಯುತ್ತಾನೆ. ಶಿವಯೋಗೆಪ್ಪನವರ ಮೊಮ್ಮಗಳು ದಾನಮ್ಮ, ಐದು ವರ್ಷದವಳು, ಹಗಲೆಲ್ಲ ಶಂಕ್ರೆವ್ವನ ಪಡಸಾಲೆಯಲ್ಲೇ ಇರುವವಳು. ಬಟ್ಟೆಯ ತುಂಡುಗಳ ರಾಶಿಯಲ್ಲಿ ಉರುಳಾಡಿ, ಯಾವ ತುಂಡು ಎಲ್ಲಿ ಬರಬೇಕೆಂದು ಅಜ್ಜಿಗೆ ಹುಕುಂ ಮಾಡುವವಳು. ಆ ದಿನಗಳಲ್ಲಿ ಶಂಕ್ರೆವ್ವ ಹೊಲಿಯುತ್ತಿದ್ದದ್ದೂ ದಾನಮ್ಮನ ಕೌದಿಯನ್ನೇ. ಶಿವಯೋಗೆಪ್ಪನವರ ಧೋತರ, ಅವರ ತೀರಿಹೋದ ಹೆಂಡತಿಯ ಇಳಕಲ್ ಸೀರೆ, ಹುಡುಗಿಯ ತೊಟ್ಟಿಲಬಟ್ಟೆ ಎಲ್ಲ ಅದರಲ್ಲಿತ್ತು.

ಶಂಕ್ರೆವ್ವ ತಾನೇ ಅವರ ಮನೆಗೆ ಹೋಗಿ ಕೇಳಿದಳು. “ಯಣ್ಣಾ, ಹುಡುಗಿಗಿ ಅಮ್ಮನ ಸೂಜಿ ಹಾಕಸ್ರಿ. ಆಕಿ ಹಗಲೆಲ್ಲಾ ನನ್ನ ತೊಡಿಮ್ಯಾಲ ಇರ್ತಾಳ. ಆಕಿಗಿ ಬಂದ್ರ ನನಗ ಬರತೈತಿ. ಹುಡುಗಿಗೂ ಚಲೋ, ನನಗೂ ಚಲೋ.”

ಶಿವಯೋಗೆಪ್ಪ ಮನೂಕಿ ಚೀಲಗಳು ಅಲುಗಾಡುವಂತೆ ನಕ್ಕರು. “ತಾಯಿ ಬರೂ ದಾರಿಗಿ ಯಾರೆರ ಬಾಗಲಾ ಹಾಕತಾರೇನ ತಂಗಿ? ಬರಲಿ ಬಿಡು, ಮನಿ ತಂಪಾಗತೈತಿ. ಜಲನಗರದಾಗ ಕುಂತ ಡಾಕ್ಟರ್ ಬಾಯಾರಿಗಿ ನಮ್ಮ ತಾಯಿ ಏನ ಗೊತ್ತು?”

“ತಾಯಿ ಗೊತ್ತಿಲ್ಲದಿದ್ರೂ ನನ್ನ ಕೈ ಗೊತ್ತೈತ್ರಿ ಅವರಿಗಿ” ಎಂದು ಶಂಕ್ರೆವ್ವ ತಿರುಗಿ ಬಂದಳು.

ಶಿವರಾತ್ರಿ ದಾಟಿ ಬಿಸಿಲು ಏರಿತು. ದಾನಮ್ಮನಿಗೆ ಜ್ವರ ಬಂತು. ಬೆನ್ನಿನ ಮೇಲೆ ನೀರುಗುಳ್ಳೆ ಎದ್ದವು. ಶಿವಯೋಗೆಪ್ಪನವರ ಬಾಗಿಲಿಗೆ ಬೇವಿನ ಟೊಂಗೆ ಬಿತ್ತು.

ಅಮ್ಮ ಬಂದ ಮನೆಯ ರೀತಿಯೇ ಬೇರೆ. ಅಲ್ಲಿ ಒಗ್ಗರಣೆ ಹಾಕುವಂತಿಲ್ಲ, ಡಾಕ್ಟರ ಹೆಸರು ಎತ್ತುವಂತಿಲ್ಲ. ಓಣಿಯ ಹೆಂಗಸರು ಮೊಸರನ್ನ ಒಯ್ದು, ಮಗುವಿನ ಮೈಮೇಲೆ ಬಂದ ತಾಯಿಗೆ ಉಡಿ ತುಂಬಿ, ಹಾಡು ಹೇಳಿ ಬರಬೇಕು. ಈ ಹಾಡುಗಳು ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ಶಂಕ್ರೆವ್ವನಿಗೆ. ಹೀಗಾಗಿ ಮೊದಲ ಕರೆ ಆಕೆಗೇ ಬಂತು.

ಆಕೆ ಹೋಗಲಿಲ್ಲ. ಅಕ್ಕಿ, ಕುಪ್ಪಸದ ಖಣ, ಕೊಬ್ಬರಿಬಟ್ಟಲು ಎಲ್ಲವನ್ನೂ ವಿದ್ಯಾವತಿಯ ಕೈಯಲ್ಲಿ ಕೊಟ್ಟು, “ಹೊಸ್ತಿಲ ಹೊರಗ ಇಟ್ಟು ಕೈಮುಗದು ಬಾ” ಎಂದಳು. ಹುಡುಗಿ ಒಳಗಿನಿಂದ “ಅಜ್ಜೀ, ಬಾ ಬೇ” ಎಂದು ಕೂಗಿದ್ದು ಓಣಿಯ ಉದ್ದಕ್ಕೂ ಕೇಳಿತು. ಶಂಕ್ರೆವ್ವ ಬಾಗಿಲು ಹಾಕಿಕೊಂಡು ಕೌದಿ ಎಳೆದುಕೊಂಡು ಕೂತಳು. ಆ ದಿನ ಹಾಕಿದ ಹೊಲಿಗೆಯ ಸಾಲಿನಲ್ಲಿ ಇರುವೆ ಬಿಟ್ಟಿದ್ದರೆ ಸೊಲ್ಲಾಪುರದ ಬದಲು ಸುತ್ತಿ ಸುತ್ತಿ ಟಿಕೋಟಾಕ್ಕೇ ಬರುತ್ತಿತ್ತು.

ಓಣಿ ಸುಮ್ಮನಿರಲಿಲ್ಲ. ತಾಯಿಗೇ ಬೆನ್ನು ತೋರಿಸಿದಳು ಎಂದರು. ಮೈಯಲ್ಲಿ ಪಟ್ಟಣದ ಸೂಜಿ ಹೊಕ್ಕ ಮೇಲೆ ಬುದ್ಧಿಯೂ ಪಟ್ಟಣದ್ದಾಯಿತು ಎಂದರು. ಫೋನಿನಲ್ಲಿ ಯಾರೋ ಯಾರಿಗೋ ಕಳಿಸಿದ ಒಂದು ವಿಡಿಯೋ ತಿರುಗಿತು. ಅದರಲ್ಲಿ ಬಿಳಿಕೋಟು ಹಾಕಿದವನೊಬ್ಬ ಯಾವುದೋ ಭಾಷೆಯಲ್ಲಿ ಕೂಗಾಡುತ್ತಿದ್ದ. ಭಾಷೆ ತಿಳಿಯದ ಕಾರಣ ಎಲ್ಲರಿಗೂ ಪೂರ್ತಿ ತಿಳಿಯಿತು. ಕೆಟ್ಟ ಮನಸ್ಸಿನಿಂದ ಆಡಿದ ಮಾತು ಅದರಲ್ಲಿ ಒಂದೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಶಂಕ್ರೆವ್ವನಿಗೆ ತಾಯಿಯ ಶಾಪ ತಟ್ಟೀತೆಂದು ಓಣಿ ನಿಜವಾಗಿ ಹೆದರಿತ್ತು. ಆಕೆಯನ್ನು ಉಳಿಸಬೇಕೆಂದು ಒಂದು ಉಪಾಯವನ್ನೂ ಮಾಡಿತು. ಶಂಕ್ರೆವ್ವ ತಾಯಿಯ ಹತ್ತಿರ ಹೋಗದಿದ್ದರೆ, ತಾಯಿಯನ್ನೇ ಶಂಕ್ರೆವ್ವನ ಹತ್ತಿರ ಒಯ್ಯುವುದು.

ಒಂದು ಮುಂಜಾನೆ ಐದು ಮಂದಿ ಮುತ್ತೈದೆಯರು, ಅವರ ಮುಂದೆ ಶಿವಯೋಗೆಪ್ಪ, ಅವರ ಹೆಗಲ ಮೇಲೆ ಬೇವಿನೆಲೆಯಲ್ಲಿ ಸುತ್ತಿದ ದಾನಮ್ಮ ಬಂದು ನಿಂತರು. ಹುಡುಗಿಯ ಮುಖದಲ್ಲಿ ಅಂದೇ ಎದ್ದ ಹೊಸ ಗುಳ್ಳೆಗಳು ಮಿಂಚುತ್ತಿದ್ದವು.

“ಶಂಕ್ರೆವ್ವ, ಬಾಗಲಾ ತಗಿ ತಂಗಿ. ತಾಯಿ ತಾನ ನಡದ ಬಂದಾಳ.”

ಒಳಗಿನಿಂದ ಧ್ವನಿ ಬಂತು. “ಯಣ್ಣಾ, ನಿಮ್ಮ ಕಾಲ ಬೀಳತೇನ್ರಿ, ಹೊಳ್ಳಿ ಹೋಗ್ರಿ. ಅದು ನನಗ ತಾಗಿದ್ರ ನಾ ಉಳಿಯಂಗಿಲ್ಲ.”

“ತಾಯಿ ಮುಟ್ಟಿದ್ರ ಸಾಯ್ತಾರೇನ ಬೇ ಯಾರೆರ?” ಎಂದಳೊಬ್ಬ ಹೆಂಗಸು.

ವಿದ್ಯಾವತಿ ಶೆಡ್ಡಿಗೆ ಹೋಗಿದ್ದಳು. ಸಂಗು ಕೆಲಸಕ್ಕೆ ಹೊರಡಲು ಅಂಗಿ ತೊಡುತ್ತಿದ್ದ. ಹೊರಗೆ ಹಿರಿಯರು ನಿಂತಿದ್ದಾರೆ, ಬಿಸಿಲೇರುತ್ತಿದೆ, ಓಣಿಯೆಲ್ಲ ಬಾಗಿಲಿಗೆ ಬಂದು ನೋಡುತ್ತಿದೆ.

“ತಗೀಬ್ಯಾಡೋ ಸಂಗ್ಯಾ” ಎಂದಳು ಶಂಕ್ರೆವ್ವ.

“ಯವ್ವಾ, ಮಂದಿ ಏನಂದೀತು?” ಎಂದ ಮಗ, ಅಗಳಿ ಸರಿಸಿದ.

ಶಂಕ್ರೆವ್ವ ಹಿತ್ತಲ ಕಡೆ ಏಳುವುದರೊಳಗೆ ಹುಡುಗಿಯನ್ನು ಆಕೆಯ ಉಡಿಯಲ್ಲಿ ಕೂಡಿಸಿಯಾಗಿತ್ತು. ದಾನಮ್ಮ ಅಷ್ಟು ದಿನದ ಮೇಲೆ ಸಿಕ್ಕ ಅಜ್ಜಿಯ ಕೊರಳಿಗೆ ಎರಡೂ ಕೈ ಹಾಕಿ ಕೆನ್ನೆಗೆ ಕೆನ್ನೆ ಹಚ್ಚಿದಳು. ತಳ್ಳಿಬಿಡಬೇಕೆಂದು ಶಂಕ್ರೆವ್ವ ಕೈ ಎತ್ತಿದ್ದು ನಿಜ. ಎತ್ತಿದ ಕೈ ಹುಡುಗಿಯ ಬೆನ್ನಿನ ಮೇಲೆ ಇಳಿಯಿತು. ಅಲ್ಲಿಯ ಗುಳ್ಳೆ ನೋಯಿಸೀತೆಂದು ಬೆರಳ ತುದಿಯಲ್ಲಷ್ಟೇ ಹಿಡಿದು ಕೂತಳು. ಹೆಂಗಸರು ಹಾಡು ಹೇಳಿದರು. ಸಾಲು ತಪ್ಪಿದಾಗ ಆಕೆ ಸರಿಪಡಿಸಲಿಲ್ಲ.

ಅವರು ಎದ್ದು ಹೋದ ಕೂಡಲೆ, “ನಡಿ, ಜಲನಗರಕ್ಕ” ಎಂದಳು ಮಗನಿಗೆ. “ತಾಗಿದ ದಿನಾನ ಬಾ ಅಂದಾರ.”

ಸಂಗು ಬೈಕಿನ ಕೀಲಿ ಹಿಡಿದು ಹೊಸ್ತಿಲಲ್ಲೇ ನಿಂತ. ಅಮ್ಮ ಹೊಸ್ತಿಲು ದಾಟಿ ಬಂದ ಮನೆ. ಗುಳ್ಳೆ ಒಣಗಿ, ಹುಡುಗಿಗೆ ಬೇವಿನ ನೀರು ಹಾಕಿ ಅಮ್ಮನನ್ನು ಕಳಿಸುವತನಕ ಯಾರೂ ದವಾಖಾನೆಯ ಮೆಟ್ಟಿಲು ಹತ್ತಬಾರದೆಂದು ಶಿವಯೋಗೆಪ್ಪ ಹೋಗುವಾಗ ಹೇಳಿ ಹೋಗಿದ್ದರು. “ನೀರ ಹಾಕಿ ಕಳಸ್ಲಿ ಬೇ, ಮರುದಿನಾನ ಹೋಗೂಣು” ಎಂದು ಆತ ವರ್ಕ್‌ಶಾಪಿಗೆ ಹೋದ.

ಶಂಕ್ರೆವ್ವ ಒಬ್ಬಳೇ ನಡೆದು ಬಸ್‌ ಸ್ಟ್ಯಾಂಡಿಗೆ ಬಂದಳು. ವಿಜಯಪುರದ ಬಸ್ಸನ್ನೂ ಹತ್ತಿದಳು. ಆದರೆ ಓಣಿ ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲವೆಂದು ಮೊದಲೇ ಹೇಳಿದೆನಲ್ಲ. ಮೂರು ಮಂದಿ ಹೆಂಗಸರು ಬೆನ್ನಟ್ಟಿ ಬಂದು ಬಸ್ಸಿನೊಳಗೆ ನುಗ್ಗಿದರು. “ಕಂಡಕ್ಟರ್ ಸಾಹೇಬ್ರ, ಅಜ್ಜಿಗಿ ತಲಿ ಸರಿಯಿಲ್ರಿ, ಮನ್ಯಾಗ ತಾಯಿ ಬಂದಾಳ” ಎಂದು ಎರಡೂ ತೋಳು ಹಿಡಿದು ಇಳಿಸಿದರು. ಕಂಡಕ್ಟರು ಕೈಮುಗಿದು ಸೀಟಿ ಊದಿದ. ಅವರು ಆಕೆಯನ್ನು ಎಷ್ಟು ಜೋಪಾನವಾಗಿ ಕರೆತಂದರೆಂದರೆ, ದಾರಿಯಲ್ಲಿ ಒಂದು ಕಲ್ಲೂ ಕಾಲಿಗೆ ತಾಗಗೊಡಲಿಲ್ಲ. ಮನೆಯಲ್ಲಿ ಕೂಡಿಸಿ ಸುತ್ತ ಕೂತು ಸಂಜೆಯವರೆಗೆ ಮಾತಾಡಿಸಿದರು.

ಕೆಲಸದಿಂದ ಬಂದ ವಿದ್ಯಾವತಿ ವಿಷಯ ಕೇಳಿ ಡಾಕ್ಟರಿಗೆ ಫೋನು ಹಚ್ಚಿದಳು. “ಈಗಿಂದೀಗ ಕರ್ಕೊಂಡ ಬಾರವ್ವಾ, ಈಗ ಬಂದ್ರ ತಡ್ಯಾಕ ಔಷಧ ಐತಿ” ಎಂದರು ಅವರು. ವಿದ್ಯಾವತಿ ಹೊರಟು ನಿಂತಾಗ ಇಸಾಕನ ಟಂಟಂ ನಿಂತಲ್ಲೇ ನಿಂತಿತು. “ಶಿವಯೋಗೆಪ್ಪ ಸಾವಕಾರ್ರು ಬ್ಯಾಡಂದಾರವ್ವಾ, ನಾಳೆ ನಾ ಇದ ಓಣ್ಯಾಗ ಗಾಡಿ ಹೊಡಿಬೇಕು” ಎಂದ ಇಸಾಕ, ಮುಖ ತಿರುಗಿಸಿ. ಸಂಗು ಬೈಕು ತೆಗೆಯದೆ ಗೋಡೆ ನೋಡುತ್ತ ಕೂತ. ಹೀಗೆ ಇವತ್ತು ನಾಳೆಯಾಗಿ, ನಾಳೆ ನೀರು ಹಾಕುವ ದಿನವಾಯಿತು. ದಾನಮ್ಮ ಬೇವಿನ ನೀರು ಮಿಂದು ಅಂಗಳದಲ್ಲಿ ಕುಣಿದಳು. ಶಂಕ್ರೆವ್ವನ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ.

“ನೋಡಿದಿ ಇಲ್ಲ?” ಎಂದರು ಶಿವಯೋಗೆಪ್ಪ. ಆ ಒಂದು ಮಾತನ್ನು ಅವರು ಅಂದು ಇಡೀ ಟಿಕೋಟಾಕ್ಕೆ ಹಂಚಿದರು, ಉಳಿದದ್ದನ್ನು ಬಬಲೇಶ್ವರಕ್ಕೆ ಕಳಿಸಿದರು. ಸಂಗುವೂ, ಏನೂ ಆಗಿಲ್ಲವಲ್ಲ, ದವಾಖಾನೆ ಯಾಕೆ ಎಂದ. ಶಂಕ್ರೆವ್ವ ದಾನಮ್ಮನ ಕೌದಿಯನ್ನು ಹಗಲು ಮುಳುಗುವತನಕ ಹೊಲಿಯತೊಡಗಿದಳು. “ಯಾಕ ಅತ್ತೀ ಇಷ್ಟ ಗಡಬಡಿ?” ಎಂದು ಸೊಸೆ ಕೇಳಿದರೆ, “ಕೈ ಇದ್ದಾಗ ಹೊಲಿಬೇಕವ್ವಾ” ಎಂದಳು.

ಮೂರು ಮೂಲೆ ಮುಗಿದಿದ್ದವು. ನಾಲ್ಕನೆಯ ಮೂಲೆಗೆ ರೊಟ್ಟಿ, ಬೆಲ್ಲ ಇಡಬೇಕಿತ್ತು. ಹುಡುಗಿ ಬಂದು ಎರಡು ವಾರವಾಗಿತ್ತು. ಆ ದಿನ ಶಂಕ್ರೆವ್ವನಿಗೆ ಜ್ವರ ಬಂತು. ಮರುದಿನ ಮುಖಕ್ಕೆ, ಬಾಯೊಳಗೆ, ಕಣ್ಣಿನ ಅಂಚಿಗೆ, ಅಂಗಾಲಿಗೆ ಗುಳ್ಳೆ ಎದ್ದವು. ಬಬಲೇಶ್ವರದಲ್ಲಿ ಬಾಗಿಲು ದಾಟಿ ಹೋದವಳು ಅಷ್ಟೂ ವರ್ಷದ ಬಾಕಿ ಸೇರಿಸಿ ಬಂದಿದ್ದಳು. ಉಸಿರು ಏರಿತು. ಓಣಿ ಬೇವಿನ ಟೊಂಗೆ ತಂದಿತು. ವಿದ್ಯಾವತಿ ಆ ಟೊಂಗೆಯನ್ನು ಕಿತ್ತು ಬೀದಿಗೆಸೆದು, “ಇವತ್ತ ಯಾರೆರ ಅಡ್ಡ ಬಂದ್ರ ಪೊಲೀಸರಿಗೆ ಫೋನ್ ಹಚ್ಚತೇನಿ” ಎಂದು ಕಿರುಚಿದಳು. ಸಂಗು ತಾಯಿಯನ್ನು ಎತ್ತಿಕೊಂಡು ಓಡಿದ. ಇಸಾಕ ಏನೂ ಕೇಳದೆ ಗಾಡಿ ಚಾಲೂ ಮಾಡಿದ.

ವಿಜಯಪುರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಶಂಕ್ರೆವ್ವ ಬಹಳ ದಿನ ಮಲಗಿದಳು. ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಆಮ್ರಪಾಲಿ ದಿನಾ ಬಂದು ನೋಡಿದರು. “ಆ ನ್ಯುಮೋನಿಯಾ ಲಸಿಕಿ ಆಗಿತ್ತಂತ ಇಷ್ಟರಾಗ ನಿಂತಿರಬಹುದು. ಇಲ್ಲಂದ್ರ ಇದರ ಮ್ಯಾಲ ಅದೂ ಕೂಡತಿತ್ತೇನೋ” ಎಂದರು. “ತಾಗಿದ ದಿನ ಬಂದಿದ್ರ...” ಎಂದು ಶುರುಮಾಡಿ, ಸಂಗುವಿನ ಮುಖ ನೋಡಿ ಔಷಧದ ಚೀಟಿ ಬರೆಯಲು ತಿರುಗಿದರು. ಗುಳಿಗೆ ನಿಲ್ಲಿಸಲೇಬೇಕಾಯಿತು. ಜೀವ ಉಳಿಯಿತು. ಮಲಗಿದ್ದ ನಾಯಿ ಎಚ್ಚರಾಗಿ, ಹಸಿದ ಹೊಟ್ಟೆಯಲ್ಲಿ ಮತ್ತೆ ಮನೆಯವರನ್ನೇ ಕಚ್ಚಿತು. ಮತ್ತೆ ಗುಳಿಗೆ ಶುರುಮಾಡುವಷ್ಟು ಮೈ ಚೇತರಿಸುವ ಹೊತ್ತಿಗೆ ಬೆರಳುಗಳು ಕೊಕ್ಕೆಯಾಗಿ ಅಂಗೈಗೆ ಅಂಟಿದ್ದವು. ರೊಟ್ಟಿ ಮುರಿಯಲೂ ಸೊಸೆ ಬೇಕು.

ಸಂಗು ಒಂದು ದಿನ ಹಾಸಿಗೆಯ ಪಕ್ಕ ಕೂತು, “ಯವ್ವಾ, ನಾ ಬಾಗಲಾ ತಗೀಬಾರದಿತ್ತು” ಎಂದ.

“ಬಾಗಲಾ ಇರೂದ ತಗ್ಯಾಕಪ್ಪಾ” ಎಂದಳು ಆಕೆ. “ಹಾಕೂವಾಗ ಗಂಡಸು ಬೇಕಾಗತಾನ.” ಆತ ಮರುದಿನ ಹೋಗಿ ಫ್ಲೂ ಸೂಜಿ ಹಾಕಿಸಿಕೊಂಡು ಬಂದು ತೋಳು ತೋರಿಸಿದ.

ಶಂಕ್ರೆವ್ವ ಮನೆಗೆ ಬಂದ ಸುದ್ದಿ ಟಂಟಂಗಿಂತ ಮೊದಲು ಬಂತು. ಓಣಿಗೆ ಓಣಿಯೇ ಮಾತಾಡಿಸಲು ಹೊರಟಿತು. ಇಷ್ಟು ಜನ ಒಂದೇ ಬಾರಿ ಎದ್ದದ್ದಕ್ಕೆ ಭೂಮಿ ಒಂದು ಕಡೆ ವಾಲಿ, ಸೊಲ್ಲಾಪುರದಲ್ಲಿ ಕಪಾಟಿನಿಂದ ಪಾತ್ರೆ ಉರುಳಿದವು. ಎಳನೀರು, ಬ್ರೆಡ್ಡು, ಬಿಸ್ಕೀಟು ಬಂದವು. ವಿದ್ಯಾವತಿ ಹೊಸ್ತಿಲಲ್ಲಿ ಕಾಲು ನೀಡಿ ಕೂತಿದ್ದಳು. ಅವಳನ್ನು ದಾಟಿ ಹೋಗಲು ಯಾರಿಗೂ ಧೈರ್ಯವಾಗಲಿಲ್ಲ. ಎಲ್ಲರೂ ಅಂಗಳದಲ್ಲೇ ಕೂತರು, ಕೆಮ್ಮುವವರು ಎದುರಿನ ಕಟ್ಟೆಯ ಮೇಲೆ. ಕೊನೆಗೂ ಓಣಿ ಅಷ್ಟನ್ನು ಕಲಿತಿತ್ತು.

ಶಿವಯೋಗೆಪ್ಪನವರಿಗೆ ಹೊಸ್ತಿಲ ಪಕ್ಕದಲ್ಲೇ ಕುರ್ಚಿ ಬಂತು. ಶಂಕ್ರೆವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಎರಡೂ ಕೈ ಸೆರಗಿನೊಳಗಿದ್ದವು. ಹೊಸ್ತಿಲ ಬದಿಗೆ ದಾನಮ್ಮನ ಕೌದಿ ಮಡಿಚಿಟ್ಟಿತ್ತು.

“ನಾ ಅವತ್ತ ಹೇಳಿದ್ನಿಲ್ಲ ತಂಗಿ, ಆ ಎರಡ ಸೂಜಿ ಚುಚ್ಚಿಸ್ಕೊಂಡಿ, ಅದಕ್ಕ ಇಷ್ಟ ಆತು” ಎಂದರು ಶಿವಯೋಗೆಪ್ಪ. ಅಂಗಳ ತಲೆಯಾಡಿಸಿತು. “ಇರ್ಲಿ, ತಾಯಿ ದೊಡ್ಡಾಕಿ. ನಿನ್ನ ತಪ್ಪೆಲ್ಲಾ ನುಂಗಿ ನಿನ್ನ ಜೀವಾ ಉಳಿಸಿ ಹೋಗ್ಯಾಳ. ಆಕೀ ಋಣಾ ಮರೀಬ್ಯಾಡ.”

ಶಂಕ್ರೆವ್ವ ಸುಮ್ಮನಿದ್ದಳು. ಆಕೆ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಟಿಕೋಟಾ ಅದೇ ಮೊದಲು ನೋಡಿದ್ದು. ಹಿಂದಿನ ಸಾಲಿನವರು ನಾಲಿಗೆಯೂ ಹಿಡಿದುಕೊಂಡಿತೇ ಎಂದು ಕತ್ತು ಚಾಚಿದರು. ಆ ಮೌನದಿಂದ ಶಿವಯೋಗೆಪ್ಪನವರಿಗೆ ಧೈರ್ಯ ಬಂತು. ಕುರ್ಚಿಯಿಂದ ಬಾಗಿ ಕೌದಿಯ ಅಂಚು ಎತ್ತಿ ನೋಡಿದರು.

“ನಮ್ಮ ದಾನಮ್ಮನ ಕೌದಿ ಒಂದ ಮೂಲಿ ಉಳದೈತಲ್ಲವ್ವಾ. ಹುಡುಗಿ ದಿನಾ ಕೇಳತಾಳ. ಎಂದ ಮುಗಸ್ತಿ?”

ಶಂಕ್ರೆವ್ವ ಸೆರಗಿನೊಳಗಿಂದ ಎರಡೂ ಕೈ ಹೊರಗೆ ತೆಗೆದು, ಎಲ್ಲರಿಗೂ ಕಾಣುವಂತೆ ಉಡಿಯ ಮೇಲೆ ಇಟ್ಟುಕೊಂಡಳು.

“ತಾಯಿನ್ನ ಕರ್ಕೊಂಡ ಬಂದು ನನ್ನ ಉಡಿಯಾಗ ಕುಂದ್ರಿಸಿದವ್ರು ನೀವ ಅಲ್ಲೇನ್ರಿ ಯಣ್ಣಾ? ಆಕಿ ಹೋಗೂವಾಗ ಬರಿಗೈಲೆ ಹೋಗಲಿಲ್ರಿ, ನನ್ನ ಎರಡೂ ಕೈ ಒಯ್ದಾಳ. ಉಳದ ಮೂಲಿ ಆಕೀ ಕಡಿಂದನ ಹೊಲಿಸ್ಕೊಳ್ರಿ.”